ಬೇಸ್ ಗಿಟಾರಿನ ಮಲ್ಟಿ ಎಫೆಕ್ಟ್ಸ್ ಸಾಧನ: ಆಯ್ಕೆಯ ಮಾನದಂಡಗಳು

ಮಲ್ಟಿ ಎಫೆಕ್ಟ್ಸ್ ಸಾಧನವೆಂದರೆ ವಾದ್ಯದಿಂದ ಹೊರಡುವ ವಿದ್ಯುತ್ ಸಂಕೇತವನ್ನು ಹಲವು ಬಗೆಯಲ್ಲಿ ಮಾರ್ಪಡಿಸಿ, ಆ ಮಾರ್ಪಾಡುಗಳ ಜೋಡಣೆಗಳನ್ನು ಪ್ಯಾಚ್ ಎಂಬ ಹೆಸರಿನಲ್ಲಿ ಉಳಿಸಿಟ್ಟುಕೊಂಡು, ಕಾಲಿನಿಂದ ಒತ್ತುವ ಸ್ವಿಚ್ಚುಗಳ ಮೂಲಕ ಬೇಕಾದಾಗ ಒದಗಿಸುವ ಎಲೆಕ್ಟ್ರಾನಿಕ್ ಉಪಕರಣ. ವಾದ್ಯ, ಎಫೆಕ್ಟ್ಸ್, ಆಂಪ್ಲಿಫೈಯರ್ ಮತ್ತು ಸ್ಪೀಕರ್ ಕ್ಯಾಬಿನೆಟ್ ಸೇರಿದ ಒಟ್ಟು ವ್ಯವಸ್ಥೆಗೆ ರಿಗ್ ಎನ್ನುತ್ತಾರೆ. ಮಾರುಕಟ್ಟೆಯಲ್ಲಿ ಈ ಸಾಧನಗಳನ್ನು ಹೆಚ್ಚಾಗಿ ಎಫೆಕ್ಟುಗಳ ಸಂಖ್ಯೆಯಿಂದ ಅಳೆಯಲಾಗುತ್ತದೆಯಾದರೂ, ವಾದ್ಯಮೇಳದ ತಳಹದಿಯಾಗಿ ನಿಲ್ಲಬೇಕಾದ ಬೇಸ್ ಗಿಟಾರಿನ ಮಟ್ಟಿಗೆ ಮೊದಲ ಪ್ರಶ್ನೆ ಬೇರೆಯದು: ಸಂಕೇತ ಸಾಧನವನ್ನು ಹಾದು ಹೊರಬಂದಾಗ ಅದರ ಮಂದ್ರಸ್ವರ ತನ್ನ ತೂಕವನ್ನು ಉಳಿಸಿಕೊಂಡಿದೆಯೇ ಎಂಬುದು.

ಹಿನ್ನೆಲೆ

ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರೆಸಿಷನ್ ಬೇಸ್‌ನಿಂದ ವಿದ್ಯುತ್ ಬೇಸ್ ಗಿಟಾರ್ ವ್ಯಾಪಕ ಬಳಕೆಗೆ ಬಂದಿತು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ ಆಂಪ್ಲಿಫೈಯರ್ 300 ವ್ಯಾಟ್ ಶಕ್ತಿ ಮತ್ತು 10 ಇಂಚಿನ ಎಂಟು ಸ್ಪೀಕರುಗಳ ಕ್ಯಾಬಿನೆಟ್‌ನೊಂದಿಗೆ ದೊಡ್ಡ ವೇದಿಕೆಗಳ ಮಾದರಿಯಾಯಿತು. ಇಂದಿನ ಬಹುತೇಕ ಡಿಜಿಟಲ್ ಸಾಧನಗಳು ಅನುಕರಿಸುವ ಧ್ವನಿಗಳಲ್ಲಿ ಇದೂ ಒಂದು. ಮೀಟುವಿಕೆಯ ಬಿರುಸಿಗೆ ತಕ್ಕಂತೆ ತೆರೆದು ಮುಚ್ಚುವ ಎನ್ವಲಪ್ ಫಿಲ್ಟರ್ 1972ರ ಮ್ಯೂಟ್ರಾನ್ 3 ಪೆಡಲ್ ಮೂಲಕ ಪ್ರಸಿದ್ಧಿ ಪಡೆದು, ಬೂಟ್ಸಿ ಕಾಲಿನ್ಸ್ ಅವರ ವಾದನದಿಂದ ಫಂಕ್ ಸಂಗೀತದ ಗುರುತಾಯಿತು. ನುಡಿಸಿದ ಸ್ವರಕ್ಕೆ ಕೆಳಸ್ಥಾಯಿಯ ಸ್ವರವನ್ನು ಬೆರೆಸುವ ಬಾಸ್ ಕಂಪನಿಯ ಓಸಿ-2 ಪೆಡಲ್ 1982ರಲ್ಲಿ ಬಂದಿತು. 1990ರ ದಶಕದಲ್ಲಿ ಝೂಮ್ 506ರಂತಹ ಚಿಕ್ಕ ಡಿಜಿಟಲ್ ಪೆಟ್ಟಿಗೆಗಳು ಇಂತಹ ಅನೇಕ ಪೆಡಲುಗಳ ಕೆಲಸವನ್ನು ಒಂದೆಡೆ ತಂದವು. ಅದೇ ದಶಕದಲ್ಲಿ ಟೆಕ್ 21 ಸಂಸ್ಥೆಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್ ಡಿಐ, ಆಂಪ್ಲಿಫೈಯರಿನ ಬಣ್ಣವಿರುವ ಸಂಕೇತವನ್ನು ನೇರವಾಗಿ ಮಿಕ್ಸರಿಗೆ ಕಳುಹಿಸುವ ರೂಢಿಯನ್ನು ಬೆಳೆಸಿತು. ಈ ಎರಡು ಧಾರೆಗಳು ಕೂಡಿದ ಫಲವೇ ಲೈನ್ 6 ಸಂಸ್ಥೆಯ ಎಚ್‌ಎಕ್ಸ್ ಸ್ಟಾಂಪ್ (2018), ಬಾಸ್ ಜಿಟಿ-1ಬಿ, ಝೂಮ್ ಬಿ1 ಫೋರ್ ಮೊದಲಾದ ಇಂದಿನ ಸಾಧನಗಳು.

ಮಂದ್ರಸ್ವರದ ಸಮಸ್ಯೆ

ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪನೆಯ ಇ ತಂತಿ ಸೆಕೆಂಡಿಗೆ 41.2 ಬಾರಿ ಕಂಪಿಸುತ್ತದೆ, ಅಂದರೆ ಅದರ ಆವೃತ್ತಿ 41.2 ಹರ್ಟ್ಸ್, ಐದು ತಂತಿಯ ವಾದ್ಯದ ಬಿ ತಂತಿಯದು 30.9 ಹರ್ಟ್ಸ್. ಗಿಟಾರಿಗಾಗಿ ರೂಪಿಸಿದ ಅನೇಕ ಎಫೆಕ್ಟುಗಳಿಗೆ ಈ ವಲಯದ ಗೊಡವೆಯೇ ಇರುವುದಿಲ್ಲ. ಉದಾಹರಣೆಗೆ, ಟ್ಯೂಬ್ ಸ್ಕ್ರೀಮರ್ ಮಾದರಿಯ ಓವರ್‌ಡ್ರೈವ್ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಭಾಗವನ್ನು ಕ್ರಮೇಣ ತಗ್ಗಿಸಿದ ಮೇಲೆಯೇ ಸಂಕೇತವನ್ನು ಒರಟುಗೊಳಿಸುತ್ತದೆ. ಗಿಟಾರಿಗೆ ಇದರಿಂದ ಸ್ಪಷ್ಟತೆ ಬಂದರೆ, ಬೇಸ್‌ಗೆ ಅದರ ಮೂಲಸ್ವರವೇ ಸೊರಗುತ್ತದೆ. ಆದ್ದರಿಂದ ಬೇಸ್‌ಗೆ ತಕ್ಕ ಸಾಧನದಲ್ಲಿ ಬ್ಲೆಂಡ್ ಎಂಬ ಸೌಲಭ್ಯವಿರಬೇಕು: ಇದು ಮಾರ್ಪಾಡಾಗದ ಶುದ್ಧ ಸಂಕೇತವನ್ನು ಒರಟುಗೊಂಡ ಸಂಕೇತದ ಜೊತೆ ವಾದಕ ಬಯಸಿದ ಪ್ರಮಾಣದಲ್ಲಿ ಬೆರೆಸುತ್ತದೆ. ಇದಕ್ಕಿಂತ ಮುಂದುವರಿದ ಕ್ರಮವೆಂದರೆ ಕ್ರಾಸ್‌ಓವರ್. ಇದರಲ್ಲಿ ಸಂಕೇತವನ್ನು ಒಂದು ಆವೃತ್ತಿಯ ಬಳಿ ಎರಡಾಗಿ ಸೀಳಿ, ಕೆಳಭಾಗವನ್ನು ಶುದ್ಧವಾಗಿಯೇ ಹರಿಯಬಿಟ್ಟು, ಮೇಲ್ಭಾಗಕ್ಕೆ ಮಾತ್ರ ಒರಟುಗೊಳಿಸುವ ಡಿಸ್ಟಾರ್ಷನ್ ಅಥವಾ ಹಲವು ವಾದ್ಯಗಳು ಒಟ್ಟಿಗೆ ನುಡಿದಂತೆ ಕೇಳಿಸುವ ಕೋರಸ್ ಕೊಟ್ಟು, ಕೊನೆಗೆ ಎರಡನ್ನೂ ಕೂಡಿಸಲಾಗುತ್ತದೆ.

ಕೆಳಸ್ಥಾಯಿಯ ಸ್ವರವನ್ನು ಬೆರೆಸುವ ಆಕ್ಟೇವ್ ಎಫೆಕ್ಟಿನ ಮಿತಿಯೂ ಈ ಆವೃತ್ತಿಗಳ ಲೆಕ್ಕದಿಂದಲೇ ತಿಳಿಯುತ್ತದೆ. ಇ ತಂತಿಯ ಒಂದು ಕಂಪನ ಪೂರ್ಣಗೊಳ್ಳಲು ಸುಮಾರು 24 ಮಿಲಿಸೆಕೆಂಡು ಬೇಕು, ಬಿ ತಂತಿಗೆ ಸುಮಾರು 32. ಸ್ವರ ಯಾವುದೆಂದು ಗುರುತಿಸಲು ಸಾಧನ ಇಂತಹ ಕಂಪನವನ್ನು ಗಮನಿಸಿ ನೋಡಬೇಕಾಗುವುದರಿಂದ, ತಂತಿ ದಪ್ಪವಾದಷ್ಟೂ ತಡವರಿಕೆ ಹೆಚ್ಚುತ್ತದೆ. ಮೇಲಾಗಿ ತೆರೆದ ಇ ತಂತಿಯ ಒಂದು ಸ್ಥಾಯಿ ಕೆಳಗಿನ ಸ್ವರ 20.6 ಹರ್ಟ್ಸ್ ಆಗುವುದರಿಂದ, ಅದು ಮನುಷ್ಯನ ಶ್ರವಣದ ಕೆಳಗಡಿಯಲ್ಲಿದ್ದು, ಬಹುತೇಕ ಕ್ಯಾಬಿನೆಟ್‌ಗಳಿಗೆ ನಿಲುಕದೆ ಸ್ಪೀಕರನ್ನು ವ್ಯರ್ಥವಾಗಿ ದಣಿಸುತ್ತದೆ. ಆಕ್ಟೇವನ್ನು ಕತ್ತಿನ ಮೇಲ್ಭಾಗದ ಸ್ವರಗಳಲ್ಲಿ ನುಡಿಸುವುದು ವಾಡಿಕೆಯಾಗಿರುವುದಕ್ಕೆ ಇದೇ ಕಾರಣ.

ಮುಖ್ಯ ಘಟಕಗಳು

ಬೇಸ್ ವಾದಕನಿಗೆ ಅತಿ ಹೆಚ್ಚು ಉಪಯೋಗವಾಗುವ ಘಟಕ ಕಂಪ್ರೆಸರ್. ಇದು ಗೊತ್ತುಪಡಿಸಿದ ಮಿತಿಯನ್ನು ಮೀರಿದ ಧ್ವನಿಯನ್ನು ತಗ್ಗಿಸಿ, ಜೋರು ಮತ್ತು ಮೆಲು ಸ್ವರಗಳ ನಡುವಣ ಅಂತರವನ್ನು ಕಿರಿದುಗೊಳಿಸುತ್ತದೆ. ಅನುಪಾತ 4:1 ಇದ್ದರೆ ಮಿತಿಯನ್ನು 8 ಡೆಸಿಬೆಲ್ ಮೀರಿದ ಸಂಕೇತ ಕೇವಲ 2 ಡೆಸಿಬೆಲ್ ಮೀರಿದಂತೆ ಹೊರಬರುತ್ತದೆ. ಮಿತಿ ಮೀರಿದ ಮೇಲೆ ಈ ತಗ್ಗಿಸುವಿಕೆ ಎಷ್ಟು ಬೇಗ ಪೂರ್ಣ ಪ್ರಮಾಣಕ್ಕೆ ಬರಬೇಕೆಂಬುದನ್ನು ಅಟ್ಯಾಕ್ ಎಂಬ ಗುಂಡಿ ನಿರ್ಧರಿಸುತ್ತದೆ. ಅದು ತೀರ ಚುರುಕಾಗಿದ್ದರೆ ಬೆರಳು ತಂತಿಯನ್ನು ಬಿಡುವ ಕ್ಷಣದ ಮೊನಚು ಅಳಿಸಿಹೋಗಿ, ಡ್ರಮ್ಮಿನೊಂದಿಗೆ ತಾಳ ಕೂಡುವ ಜಾಗವೇ ಮಸುಕಾಗುತ್ತದೆ. ಒಂದೇ ಗುಂಡಿಯ ಕಂಪ್ರೆಸರ್‌ಗಿಂತ ಅನುಪಾತ, ಮಿತಿ, ಅಟ್ಯಾಕ್‌ಗಳನ್ನು ಬೇರೆಬೇರೆಯಾಗಿ ಹೊಂದಿಸಬಹುದಾದದ್ದು ಮೇಲು ಎಂಬುದಕ್ಕೆ ಇದು ಆಧಾರ.

ಆವೃತ್ತಿಗಳನ್ನು ಏರಿಳಿಸುವ ಈಕ್ವಲೈಸರ್‌ನಲ್ಲಿ ಮಧ್ಯಭಾಗದ ಆವೃತ್ತಿಯನ್ನು ವಾದಕನೇ ಆಯ್ದುಕೊಳ್ಳುವಂತಿರಬೇಕು. 80ರಿಂದ 100 ಹರ್ಟ್ಸ್ ಸ್ವರಕ್ಕೆ ಮೈ ಕೊಟ್ಟರೆ, 200ರಿಂದ 300ರ ವಲಯ ಹೆಚ್ಚಾದಾಗ ಧ್ವನಿ ಗೊಜಗೊಜವಾಗುತ್ತದೆ, 700ರಿಂದ 800ರ ವಲಯ ಮೇಳದ ನಡುವೆ ಸ್ವರ ಬಿಡಿಯಾಗಿ ಕೇಳಿಸಲು ನೆರವಾಗುತ್ತದೆ. ಇದರೊಂದಿಗೆ 30ರಿಂದ 40 ಹರ್ಟ್ಸ್‌ನ ಕೆಳಗಿನ ಅನಗತ್ಯ ಗುಡುಗನ್ನು ತಡೆಯುವ ಹೈ ಪಾಸ್ ಫಿಲ್ಟರ್ ಇದ್ದರೆ ಸ್ಪೀಕರಿಗೂ ಸುರಕ್ಷಿತ. ಆಂಪ್ಲಿಫೈಯರ್ ಮತ್ತು ಕ್ಯಾಬಿನೆಟ್‌ಗಳ ಅನುಕರಣೆ ಆಂಪ್ ಇಲ್ಲದೆ ನುಡಿಸುವವರಿಗೆ ಅಗತ್ಯ. ಕ್ಯಾಬಿನೆಟ್ ಮತ್ತು ಮೈಕ್ ಒಟ್ಟಾಗಿ ಧ್ವನಿಯನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಅಳೆದು ದಾಖಲಿಸಿದ ಇಂಪಲ್ಸ್ ರೆಸ್ಪಾನ್ಸ್ ಎಂಬ ಕಡತಗಳನ್ನು ಕೆಲವು ಸಾಧನಗಳಿಗೆ ಹೊರಗಿನಿಂದಲೂ ಸೇರಿಸಬಹುದು. ಆದರೆ ನಿಜವಾದ ಬೇಸ್ ಕ್ಯಾಬಿನೆಟ್‌ಗೆ ಜೋಡಿಸಿದಾಗ ಈ ಅನುಕರಣೆಯನ್ನು ನಿಲ್ಲಿಸದಿದ್ದರೆ, ಧ್ವನಿ ಎರಡು ಕ್ಯಾಬಿನೆಟ್‌ಗಳನ್ನು ಹಾದಂತಾಗಿ ಮಂಕಾಗುತ್ತದೆ.

ರಿಗ್‌ನೊಂದಿಗಿನ ಹೊಂದಾಣಿಕೆ

ಒಳಗೆ ಬ್ಯಾಟರಿಯಿಲ್ಲದ ಪ್ಯಾಸಿವ್ ಬೇಸ್‌ನ ಸಂಕೇತ ದುರ್ಬಲವಾದುದರಿಂದ, ಸಾಧನದ ಇನ್‌ಪುಟ್ ಇಂಪಿಡೆನ್ಸ್, ಅಂದರೆ ಒಳಬರುವ ಸಂಕೇತಕ್ಕೆ ಅದು ಒಡ್ಡುವ ವಿದ್ಯುತ್ ಪ್ರತಿರೋಧ, ಸುಮಾರು 1 ಮೆಗಾಓಮ್ ಇದ್ದರೆ ತಾರಸ್ವರಗಳು ಮಂಕಾಗುವುದಿಲ್ಲ. ಬ್ಯಾಟರಿಯಿರುವ ಆ್ಯಕ್ಟಿವ್ ಬೇಸ್‌ನ ಪ್ರಬಲ ಸಂಕೇತವನ್ನು ಒಡೆಯದೆ ಸ್ವೀಕರಿಸಲು ಇನ್‌ಪುಟ್ ಮಟ್ಟವನ್ನು ತಗ್ಗಿಸುವ ಅವಕಾಶ ಬೇಕು.

ಹೊರದಾರಿಗಳಲ್ಲಿ ಮುಖ್ಯವಾದುದು ಡಿಐ. ಉದ್ದದ ಕೇಬಲ್‌ನಲ್ಲಿ ಗೊರಗೊರ ಸೇರದಂತೆ ಸಂಕೇತವನ್ನು ಎರಡು ವಿರುದ್ಧ ರೂಪಗಳಲ್ಲಿ, ಸಾಮಾನ್ಯವಾಗಿ ಎಕ್ಸ್‌ಎಲ್‌ಆರ್ ಜೋಡಣೆಯ ಮೂಲಕ, ಮಿಕ್ಸರಿಗೆ ಕಳುಹಿಸುವ ವ್ಯವಸ್ಥೆ ಇದು. ಎಚ್‌ಎಕ್ಸ್ ಸ್ಟಾಂಪ್, ಜಿಟಿ-1ಬಿ, ಬಿ1 ಫೋರ್ ಮೂರರಲ್ಲೂ ಎಕ್ಸ್‌ಎಲ್‌ಆರ್ ಹೊರದಾರಿ ಇಲ್ಲದಿರುವುದರಿಂದ, ಇವುಗಳನ್ನು ಕೊಳ್ಳುವವರು ವೇದಿಕೆಗಾಗಿ ಪ್ರತ್ಯೇಕ ಡಿಐ ಪೆಟ್ಟಿಗೆಯನ್ನೂ ಲೆಕ್ಕಕ್ಕೆ ಹಿಡಿಯುವುದು ಒಳಿತು. ಈಗಾಗಲೇ ಮೆಚ್ಚಿನ ಪೆಡಲ್ ಇರುವವರಿಗೆ, ಅದನ್ನು ಸಾಧನದ ಸರಣಿಯ ನಡುವೆ ಸೇರಿಸಲು ಎಫೆಕ್ಟ್ಸ್ ಲೂಪ್ ಬೇಕಾಗುತ್ತದೆ.

ಭಾರತದ ವಿದ್ಯುತ್ ಸರಬರಾಜು ಬೇಸ್ ವಾದಕರಿಗೆ ಒಂದು ವಿಶೇಷ ತೊಡಕನ್ನು ಒಡ್ಡುತ್ತದೆ. ಇಲ್ಲಿನ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆ ಇ ತಂತಿಯ ಮೂರನೆಯ ಮೆಟ್ಟಿಲಿನ ಜಿ ಸ್ವರಕ್ಕೆ, ಅಂದರೆ 49 ಹರ್ಟ್ಸ್‌ಗೆ, ಅಂಟಿಕೊಂಡಂತಿದೆ. ಈಕ್ವಲೈಸರ್‌ನಿಂದ ಆ ಗುಂಯ್‌ಗುಡುವಿಕೆಯನ್ನು ಕತ್ತರಿಸಹೊರಟರೆ ಜಿ ಸ್ವರವೂ ಬಡವಾಗುತ್ತದೆ. ಆದಕಾರಣ ಅದನ್ನು ಮೂಲದಲ್ಲೇ ತಡೆಯುವುದು, ಅಂದರೆ ಸಂಕೇತದ ಭೂಸಂಪರ್ಕವನ್ನು ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ ಇರುವ ಡಿಐಯನ್ನೂ ಒಳ್ಳೆಯ ಅಡಾಪ್ಟರನ್ನೂ ಬಳಸುವುದು, ಸರಿಯಾದ ಮಾರ್ಗ. ಹೊರದೇಶದಿಂದ ತರಿಸಿದ ಸಾಧನವಾದರೆ ಅದರ ಅಡಾಪ್ಟರ್ 230 ವೋಲ್ಟ್‌ಗೆ ತಕ್ಕದ್ದೇ ಎಂದು ನೋಡಬೇಕು. ಎಚ್‌ಎಕ್ಸ್ ಸ್ಟಾಂಪ್‌ಗೆ 9 ವೋಲ್ಟ್‌ನಲ್ಲಿ 3 ಆಂಪಿಯರ್ ಸಾಮರ್ಥ್ಯದ ಅಡಾಪ್ಟರ್ ಬೇಕಾಗುವುದರಿಂದ ಸಾಮಾನ್ಯ ಪೆಡಲ್ ಅಡಾಪ್ಟರ್ ಅದಕ್ಕೆ ಸಾಲದು. ಬಿ1 ಫೋರ್, ಜಿಟಿ-1ಬಿಗಳು ನಾಲ್ಕು ಎಎ ಬ್ಯಾಟರಿಗಳಲ್ಲೂ ನಡೆಯುತ್ತವೆ.

ಬಳಕೆ ಮತ್ತು ಪರೀಕ್ಷೆ

ಸಾಧನದ ವಿನ್ಯಾಸ ನುಡಿಸುವ ಸಂದರ್ಭಕ್ಕೆ ಒಪ್ಪಬೇಕು. ಕರ್ನಾಟಕದ ರಸಮಂಜರಿ ಕಾರ್ಯಕ್ರಮಗಳಂತೆ ಒಂದೇ ಸಂಜೆ ಹಲವು ದಶಕಗಳ ಚಿತ್ರಗೀತೆಗಳು ಸಾಲಾಗಿ ಬರುವ ಕಡೆ, ಒಂದು ಒತ್ತಿಗೆ ಇಡೀ ಜೋಡಣೆ ಬದಲಾಗುವ ಪ್ಯಾಚ್ ಕ್ರಮ ಅನುಕೂಲ. ಒಂದೇ ಶೈಲಿಯ ತಂಡದಲ್ಲಿ ನುಡಿಸುವವರಿಗೆ ಪ್ರತಿ ಎಫೆಕ್ಟಿಗೂ ಒಂದು ಸ್ವಿಚ್, ಕಣ್ಣೆದುರೇ ಗುಂಡಿಗಳಿರುವ ವಿನ್ಯಾಸ ಸಲೀಸು. ಸಾಫ್ಟ್‌ವೇರ್ ನವೀಕರಣಗಳೂ ಗಣನೆಗೆ ಬರುತ್ತವೆ: ಎಚ್‌ಎಕ್ಸ್ ಸ್ಟಾಂಪ್‌ನಲ್ಲಿ ಏಕಕಾಲಕ್ಕೆ ಬಳಸಬಹುದಾದ ಘಟಕಗಳ ಸಂಖ್ಯೆ 3.0 ಆವೃತ್ತಿಯ ತಂತ್ರಾಂಶದಿಂದ ಆರರಿಂದ ಎಂಟಕ್ಕೆ ಏರಿತು.

ಪರೀಕ್ಷಿಸುವಾಗ ಸ್ವಂತ ವಾದ್ಯವನ್ನೇ ಜೋಡಿಸಿ, ಮೊದಲು ಎಲ್ಲ ಎಫೆಕ್ಟುಗಳನ್ನು ನಿಲ್ಲಿಸಿ, ನೇರ ಕೇಬಲ್‌ನ ಧ್ವನಿಗೂ ಸಾಧನವನ್ನು ಹಾದ ಧ್ವನಿಗೂ ಇರುವ ವ್ಯತ್ಯಾಸವನ್ನು ಕೇಳಬೇಕು. ಆಮೇಲೆ ಡಿಸ್ಟಾರ್ಷನ್ ಹಚ್ಚಿ ಅತಿ ಮಂದ್ರದ ಸ್ವರಗಳನ್ನು ನುಡಿಸಿ, ಅವುಗಳ ಮೈ ಉಳಿಯಿತೇ ಎಂದು ಪರಿಶೀಲಿಸಬೇಕು. ಹೆಡ್‌ಫೋನ್‌ನಲ್ಲಿ ಮೆಲ್ಲಗೆ ಕೇಳಿ ಹೊಂದಿಸಿದ ಪ್ಯಾಚ್ ವೇದಿಕೆಯಲ್ಲಿ ಮಂದ್ರವನ್ನು ಅತಿಯಾಗಿ ಸುರಿಯುವುದುಂಟು. ಧ್ವನಿ ಮೆಲುವಾದಷ್ಟೂ ಕಿವಿ ಮಂದ್ರಸ್ವರಗಳಿಗೆ ಕಡಿಮೆ ಸ್ಪಂದಿಸುತ್ತದೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಆದ್ದರಿಂದ ಕೊನೆಯ ಹೊಂದಾಣಿಕೆ ಪೂರ್ಣ ಮಟ್ಟದಲ್ಲಿ, ಡ್ರಮ್ಮಿನ ಜೊತೆಯಲ್ಲಿಯೇ ಆಗಬೇಕು. ಈ ಪರೀಕ್ಷೆಗಳಲ್ಲಿ ಗೆದ್ದ ಸಾಧನದಲ್ಲಿ ಹತ್ತೇ ಎಫೆಕ್ಟುಗಳಿದ್ದರೂ ಅದು ಬೇಸ್ ವಾದಕನ ಕೆಲಸಕ್ಕೆ ಒದಗುತ್ತದೆ. ಗೆಲ್ಲದ ಸಾಧನದಲ್ಲಿ ನೂರಿದ್ದರೂ ಮೇಳ ತನ್ನ ತಳಹದಿಯನ್ನು ಕಳೆದುಕೊಳ್ಳುತ್ತದೆ.