ಗಣಕಯಂತ್ರಕ್ಕೆ ಸೀಮಿತವಾದ ತಂತ್ರಾಂಶ ಪರವಾನಗಿ: ಸಾರ್ವಜನಿಕರ ಮಾಹಿತಿಗಾಗಿ

ಹಣ ಪಾವತಿಸಿ ತಂತ್ರಾಂಶ ಖರೀದಿಸಿದವರಿಗೆ ದೊರೆಯುವುದು ತಂತ್ರಾಂಶದ ಒಡೆತನವಲ್ಲ, ಷರತ್ತುಗಳಿಗೆ ಒಳಪಟ್ಟು ಅದನ್ನು ಬಳಸುವ ಪರವಾನಗಿ ಮಾತ್ರ. ಅನೇಕ ತಂತ್ರಾಂಶಗಳಲ್ಲಿ ಸದರಿ ಪರವಾನಗಿಯು ಒಂದೇ ಒಂದು ಯಂತ್ರಕ್ಕೆ ಸೀಮಿತವಾಗಿರುತ್ತದೆ. ಯಂತ್ರವು ಕೆಟ್ಟಾಗ, ಮಾರಾಟವಾದಾಗ ಅಥವಾ ಬದಲಾದಾಗ ಮಾತ್ರ ಈ ವಿಷಯ ಬಳಕೆದಾರರ ಗಮನಕ್ಕೆ ಬರುವುದು ಸಾಮಾನ್ಯ. ಸಾಲ ಅಥವಾ ಸಹಾಯಧನ ಪಡೆದು ಗಣಕಯಂತ್ರ ಖರೀದಿಸುವವರು, ಲೆಕ್ಕಪತ್ರ ಸೇವೆ ಹಾಗೂ ಡಿಟಿಪಿ ಕೇಂದ್ರ ನಡೆಸುವವರು ಖರೀದಿಗೆ ಮುನ್ನವೇ ಇದನ್ನು ತಿಳಿದಿರುವುದು ಸೂಕ್ತ.

ಪರವಾನಗಿಯನ್ನು ಯಂತ್ರಕ್ಕೆ ಜೋಡಿಸುವ ಬಗೆ

ಹಳೆಯ ಕ್ರಮವೆಂದರೆ ಡಾಂಗಲ್ ಅಥವಾ ಹಾರ್ಡ್‌ವೇರ್ ಲಾಕ್. ಯಂತ್ರದ ಹಿಂಬದಿಗೆ ಸಿಕ್ಕಿಸುವ ಈ ಸಣ್ಣ ಸಾಧನ ಇದ್ದರೆ ಮಾತ್ರ ತಂತ್ರಾಂಶ ಕೆಲಸ ಮಾಡುತ್ತದೆ. ಲಾಕನ್ನು ಮತ್ತೊಂದು ಯಂತ್ರಕ್ಕೆ ಹಾಕಬಹುದು. ಆದರೆ ಲಾಕ್ ಕಳೆದುಹೋದಲ್ಲಿ ತಂತ್ರಾಂಶವೇ ಕಳೆದುಹೋದಂತೆ. ಡಿಟಿಪಿ ಕೇಂದ್ರದವರು ಇದನ್ನು ಬೀಗದ ಕೈಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ಸಿದ್ಧಪಡಿಸಿದ ನುಡಿ ತಂತ್ರಾಂಶವು ಉಚಿತವಾದುದರಿಂದ ಅದಕ್ಕೆ ಈ ತೊಡಕು ಇಲ್ಲ.

ಎರಡನೆಯದು ಅಂತರಜಾಲದ ಮೂಲಕ ಸಕ್ರಿಯಗೊಳಿಸುವ ಕ್ರಮ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಇದನ್ನು ಮನೆಮನೆಗೆ ಪರಿಚಯಿಸಿತು. ಪ್ರೊಸೆಸರ್, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಮೊದಲಾದ 10 ಭಾಗಗಳ ಗುರುತನ್ನು ಸೇರಿಸಿ ಯಂತ್ರಕ್ಕೊಂದು ಸಂಕೇತ ಸಂಖ್ಯೆ ರೂಪಿಸಲಾಗುತ್ತಿತ್ತು. ಒಂದೆರಡು ಭಾಗ ಬದಲಾದರೆ ತೊಂದರೆಯಿರಲಿಲ್ಲ. ಹಲವು ಭಾಗಗಳು ಬದಲಾದಲ್ಲಿ ತಂತ್ರಾಂಶವು ಅದನ್ನು ಬೇರೆ ಯಂತ್ರವೆಂದು ಭಾವಿಸಿ ಪುನಃ ಸಕ್ರಿಯಗೊಳಿಸುವಂತೆ ಕೇಳುತ್ತಿತ್ತು. ಇಂದಿಗೂ ಮೂಲ ತತ್ವ ಇದೇ ಆಗಿದೆ.

ವಿಂಡೋಸ್ ಪರವಾನಗಿಯ ಎರಡು ವಿಧ

ಅಂಗಡಿಯಲ್ಲಿ ಪ್ರತ್ಯೇಕವಾಗಿ ಕೊಳ್ಳುವ ರೀಟೇಲ್ ಪರವಾನಗಿಯನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ವರ್ಗಾಯಿಸಬಹುದು. ಯಂತ್ರದೊಡನೆಯೇ ಬರುವ ಒಇಎಂ ಪರವಾನಗಿಯು ಆ ಯಂತ್ರದೊಂದಿಗೇ ಮುಗಿಯುತ್ತದೆ. ಇಲ್ಲಿ ಯಂತ್ರವೆಂದರೆ ಮುಖ್ಯವಾಗಿ ಮದರ್‌ಬೋರ್ಡ್. ದೋಷದ ಕಾರಣ ತಯಾರಕರೇ ಅದೇ ಮಾದರಿಯ ಅಥವಾ ಸಮಾನ ಮಾದರಿಯ ಬೋರ್ಡ್ ಹಾಕಿಕೊಟ್ಟಲ್ಲಿ ಪರವಾನಗಿ ಮುಂದುವರಿಯುತ್ತದೆ; ಇನ್ನೂ ಉತ್ತಮವಾದುದನ್ನು ಬಯಸಿ ಬಳಕೆದಾರರೇ ಬೋರ್ಡ್ ಬದಲಿಸಿದಲ್ಲಿ ಹೊಸ ಪರವಾನಗಿ ಬೇಕಾಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದ್ದು, ಅನೇಕರು ಹಳೆಯ ಯಂತ್ರಗಳನ್ನು ಬದಲಿಸುತ್ತಿದ್ದಾರೆ. ಹಳೆಯ ಯಂತ್ರದ ಒಇಎಂ ಪರವಾನಗಿಯನ್ನು ಹೊಸದಕ್ಕೆ ಹಾಕಿಕೊಡುವುದಾಗಿ ಹೇಳುವ ಮಾರಾಟಗಾರರ ಮಾತನ್ನು ನಂಬಬಾರದು.

ಲೆಕ್ಕಪತ್ರ ತಂತ್ರಾಂಶ

ಸಣ್ಣ ವ್ಯಾಪಾರಿಗಳಿಗೆ ಹೆಚ್ಚಿನ ನಷ್ಟವಾಗುವುದು ಇಲ್ಲಿಯೇ. ಬೆಂಗಳೂರಿನ ಟ್ಯಾಲಿ ಸಂಸ್ಥೆಯ ತಂತ್ರಾಂಶವನ್ನು ಉದಾಹರಣೆಗೆ ನೋಡಬಹುದು. ಇದರ ಏಕಬಳಕೆದಾರ ಪರವಾನಗಿಯನ್ನು ಒಂದು ಯಂತ್ರದಲ್ಲಿ ಸಕ್ರಿಯಗೊಳಿಸಿದ ನಂತರ ಮತ್ತೊಂದಕ್ಕೆ ಒಯ್ಯಬೇಕಾದರೆ, ಮೊದಲು ಹಳೆಯ ಯಂತ್ರದಲ್ಲಿ ‘ಸರೆಂಡರ್’ ಆಯ್ಕೆಯ ಮೂಲಕ ಅದನ್ನು ಹಿಂದಿರುಗಿಸಬೇಕು. ಹೀಗೆ ಮಾಡದೆ ರಿಪೇರಿಯವರಿಗೆ ಯಂತ್ರ ಕೊಟ್ಟು ಫಾರ್ಮ್ಯಾಟ್ ಮಾಡಿಸಿದಲ್ಲಿ ಹೊಸ ಯಂತ್ರದಲ್ಲಿ ಪರವಾನಗಿ ಸಕ್ರಿಯವಾಗಲು ತೊಡಕಾಗುತ್ತದೆ. ಪರವಾನಗಿ ಇಲ್ಲದ ಸ್ಥಿತಿಯಲ್ಲಿ ತಂತ್ರಾಂಶವು ಕಲಿಕೆಯ ವಿಧಾನದಲ್ಲಿ ತೆರೆದು, ತಿಂಗಳ ಕೆಲವೇ ದಿನಾಂಕಗಳ ನಮೂದುಗಳಿಗೆ ಅವಕಾಶ ನೀಡುತ್ತದೆ. ಪ್ರತಿ ತಿಂಗಳು ವಿವರಪಟ್ಟಿ ಸಲ್ಲಿಸುವವರಿಗೆ ಜಿಎಸ್‌ಟಿಆರ್-3ಬಿ ನಮೂನೆಯ ಗಡುವು ಮುಂದಿನ ತಿಂಗಳ 20ನೇ ತಾರೀಖು ಎಂಬುದನ್ನು ನೆನೆದರೆ ಇದರ ಗಂಭೀರತೆ ತಿಳಿಯುತ್ತದೆ.

ಹಿಂದಿರುಗಿಸಲು ಹಾಗೂ ಪುನಃ ಪಡೆಯಲು ನೋಂದಾಯಿತ ಇಮೇಲ್ ವಿಳಾಸ ಮತ್ತು ಗುಪ್ತಪದ ಅಗತ್ಯ. ಖರೀದಿಯ ದಿನ ಅವಸರದಲ್ಲಿ ಮಾರಾಟಗಾರರ ಅಥವಾ ಗುಮಾಸ್ತರ ಇಮೇಲ್ ಕೊಟ್ಟುಬಿಡುವ ವಾಡಿಕೆಯಿದೆ. ಗುಮಾಸ್ತರು ಕೆಲಸ ಬಿಟ್ಟ ಮೇಲೆ ಮಾಲೀಕರಿಗೆ ತಮ್ಮದೇ ಪರವಾನಗಿಯ ಮೇಲೆ ಹಿಡಿತವಿರುವುದಿಲ್ಲ. ಆದ್ದರಿಂದ ನೋಂದಣಿಯನ್ನು ಮಾಲೀಕರ ಸ್ವಂತ ಇಮೇಲ್‌ನಲ್ಲಿಯೇ ಮಾಡಿಸತಕ್ಕದ್ದು. ಯಂತ್ರವು ಪೂರ್ಣ ಕೆಟ್ಟು ತೆರೆಯದಿದ್ದಲ್ಲಿ, ಕ್ರಮಸಂಖ್ಯೆ ಹಾಗೂ ಖರೀದಿ ರಸೀದಿಯೊಂದಿಗೆ ತಂತ್ರಾಂಶ ಕಂಪನಿಯನ್ನು ಸಂಪರ್ಕಿಸಬೇಕು. ಲೆಕ್ಕದ ದತ್ತಾಂಶವು ಪರವಾನಗಿಗಿಂತ ಬೇರೆಯಾದುದು. ಅದರ ಪ್ರತಿಯನ್ನು ಪ್ರತ್ಯೇಕವಾಗಿ ಪೆನ್‌ಡ್ರೈವ್‌ನಲ್ಲಿ ಇರಿಸಿಕೊಳ್ಳಬೇಕು.

ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಸಹ ನೋಡಲು ಡಾಂಗಲ್‌ನಂತೆಯೇ ಇರುತ್ತದೆ. ಆದರೆ ಅದು ತಂತ್ರಾಂಶದ ಪರವಾನಗಿಯಲ್ಲ, ಸಹಿದಾರರ ಗುರುತು. ಅದು ಕಳೆದುಹೋದಲ್ಲಿ ಪ್ರಮಾಣಪತ್ರವನ್ನು ಕೂಡಲೇ ರದ್ದುಪಡಿಸಿ ಹೊಸದನ್ನು ಪಡೆಯಬೇಕು.

ಕಾನೂನಿನ ಅಂಶಗಳು

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕರಣ 52(1)(ಎಎ) ಪ್ರಕಾರ ಕಾನೂನುಬದ್ಧವಾಗಿ ತಂತ್ರಾಂಶ ಹೊಂದಿರುವವರು ನಷ್ಟ ಅಥವಾ ಹಾನಿಯಿಂದ ರಕ್ಷಣೆಗಾಗಿ ಅದರ ಪ್ರತಿ ಮಾಡಿಟ್ಟುಕೊಳ್ಳಬಹುದು. ಆದರೆ ಪ್ರತಿ ಇದ್ದ ಮಾತ್ರಕ್ಕೆ ಅದು ಹೊಸ ಯಂತ್ರದಲ್ಲಿ ಸಕ್ರಿಯವಾಗುವುದಿಲ್ಲ. ಅನಧಿಕೃತ ಪ್ರತಿಯೆಂದು ತಿಳಿದೂ ಬಳಸಿದಲ್ಲಿ ಪ್ರಕರಣ 63ಬಿ ಅಡಿ 7 ದಿನಗಳಿಂದ 3 ವರ್ಷಗಳವರೆಗೆ ಕಾರಾವಾಸ ಮತ್ತು ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ. ವ್ಯಾಪಾರ ಅಥವಾ ಲಾಭದ ಉದ್ದೇಶವಿಲ್ಲದ ಬಳಕೆಯಲ್ಲಿ ನ್ಯಾಯಾಲಯವು ಕಾರಾವಾಸ ವಿಧಿಸದೆ ರೂ. 50,000ವರೆಗಿನ ದಂಡಕ್ಕೆ ಸೀಮಿತಗೊಳಿಸಬಹುದು. ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಇಂತಹ ರಕ್ಷಣಾ ಬೀಗವನ್ನು ಮುರಿಯುವುದು, 2012ರ ತಿದ್ದುಪಡಿಯಲ್ಲಿ ಸೇರಿಸಲಾದ ಪ್ರಕರಣ 65ಎ ಅಡಿ ಪ್ರತ್ಯೇಕ ಅಪರಾಧವಾಗಿರುತ್ತದೆ.

ಖರೀದಿಯ ಸಮಯದಲ್ಲಿ

ದರಪಟ್ಟಿಯಲ್ಲಿ ‘ತಂತ್ರಾಂಶ ಸಹಿತ’ ಎಂದಷ್ಟೇ ಬರೆದಿದ್ದರೆ ಸಾಲದು. ತಂತ್ರಾಂಶದ ಹೆಸರು, ಆವೃತ್ತಿ, ಪರವಾನಗಿಯ ವಿಧ ಮತ್ತು ಬೆಲೆಯನ್ನು ಪ್ರತ್ಯೇಕವಾಗಿ ನಮೂದಿಸುವಂತೆ ಕೇಳಿ ಪಡೆಯತಕ್ಕದ್ದು. ಬಳಸಿದ ಗಣಕಯಂತ್ರ ಕೊಳ್ಳುವವರು ಒಇಎಂ ವಿಂಡೋಸ್ ಆ ಯಂತ್ರಕ್ಕೇ ಸೇರಿದ್ದೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಲೆಕ್ಕಪತ್ರ ತಂತ್ರಾಂಶವನ್ನು ಹಿಂದಿನ ಮಾಲೀಕರು ಸರೆಂಡರ್ ಮಾಡಿಕೊಂಡು ಒಯ್ಯುವುದರಿಂದ, ಅದಕ್ಕೆಂದು ಹೆಚ್ಚಿನ ಹಣ ತೆರುವ ಮುನ್ನ ಪರವಾನಗಿ ತಮ್ಮ ಹೆಸರಿಗೆ ವರ್ಗಾವಣೆಯಾಗುವುದೇ ಎಂಬುದನ್ನು ಕಂಪನಿಯಿಂದಲೇ ತಿಳಿದುಕೊಳ್ಳಬೇಕು.