ಎರಡು ಎಪ್ಪತ್ತೈದು ಹದಿನೆಂಟು

ಕನಕಗಿರಿಯ ನನ್ನ ಅಂಗಡಿಗೆ ಟಯರ್ ಕೊಳ್ಳಲು ಬರುವ ಹಿರಿಯರು ಇವತ್ತಿಗೂ ‘ಎರಡು ಎಪ್ಪತ್ತೈದು ಹದಿನೆಂಟು ಕೊಡಪಾ’ ಅನ್ನುತ್ತಾರೆ. ಅವರ ಸ್ಪ್ಲೆಂಡರ್ ಬೈಕನ್ನೇ ತರುವ ಮಗ ‘ಎಂಬತ್ತು ನೂರು ಹದಿನೆಂಟು ಐತೇನ್ರಿ’ ಎಂದು ಕೇಳುತ್ತಾನೆ. ಒಂದೇ ಗಾಲಿಗೆ ಎರಡು ಲೆಕ್ಕ. ಟಯರಿನ ಪಕ್ಕೆಯ ಮೇಲೆ ಉಬ್ಬಿ ನಿಂತ ಈ ಅಂಕಿಗಳಲ್ಲಿ ನಮ್ಮ ಸೀಮೆಯ ಓಡಾಟದ ಚರಿತ್ರೆಯಿದೆ.

ಹವಾ ತುಂಬಿದ ಟಯರನ್ನು ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್ಲಪ್ ಎಂಬ ಪಶುವೈದ್ಯ 1888ರಲ್ಲಿ ಬಳಕೆಗೆ ತಂದ. ಅವನ ನಾಡಿನವರು ಅಳೆಯುತ್ತಿದ್ದುದು ಇಂಚಿನಲ್ಲಿ. ಟಯರಿನ ಜೊತೆ ಇಂಚೂ ನಮ್ಮಲ್ಲಿಗೆ ಬಂತು. ಮದ್ರಾಸಿನ ಬುಲೆಟ್‌ಗೆ 3.25-19, 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸತೊಡಗಿದ ಜಾವಾಕ್ಕೆ 3.25-16. ಮೊದಲನೆಯದು ಟಯರಿನ ಅಗಲ, ಕೊನೆಯದು ರಿಮ್ಮಿನ ವ್ಯಾಸ. ಅಗಲ ಒಂದೇ ಆದರೂ ರಿಮ್ಮಿನಲ್ಲಿ ಮೂರು ಇಂಚು ವ್ಯತ್ಯಾಸ, ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಟಯರಿನ ಎತ್ತರವನ್ನು ಬರೆಯುತ್ತಲೇ ಇರಲಿಲ್ಲ. ಹೆಚ್ಚುಕಡಿಮೆ ಅಗಲದಷ್ಟೇ ಎಂದು ತಿಳಿಯಬೇಕಿತ್ತು.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ನಮ್ಮ ಗಂಗಾವತಿ ಭಾಗ ಭತ್ತದ ಕಣಜವಾಯಿತು. ಆ ದುಡಿಮೆ ಎರಡು ಗಾಲಿಯ ಮೇಲೆ ಊರೂರು ಸುತ್ತತೊಡಗಿತು. 1985ರಲ್ಲಿ ಹೀರೋ ಹೋಂಡಾ ಸಿಡಿ 100, 1994ರಲ್ಲಿ ಸ್ಪ್ಲೆಂಡರ್ ಬಂದವು. 2.75-18 ಎಂಬುದು ಹಳ್ಳಿಹಳ್ಳಿಯ ಬಾಯಿಪಾಠವಾದದ್ದು ಸ್ಪ್ಲೆಂಡರಿನಿಂದ.

ದೇಶ 1956ರಲ್ಲೇ ಮೆಟ್ರಿಕ್ ಅಳತೆಗೆ ಕಾನೂನು ಮಾಡಿತ್ತು. ಬೈಕಿನ ಟಯರಿಗೆ ಮಿಲಿಮೀಟರ್ ನಿಧಾನವಾಗಿ ಬಂತು, ಅದೂ ಅರ್ಧವೇ. 80/100-18 ಅಂದರೆ ಅಗಲ 80 ಮಿ.ಮೀ., ಎತ್ತರ ಆ ಅಗಲದ ನೂರಕ್ಕೆ ನೂರು, ರಿಮ್ ಮಾತ್ರ ಈಗಲೂ 18 ಇಂಚು. ಹೊಲವನ್ನು ಎಕರೆ-ಗುಂಟೆಯಲ್ಲಿ ಅಳೆದು ಬೆಳೆಯನ್ನು ಕಿಲೋದಲ್ಲಿ ತೂಗುವ ನಮಗೆ ಇದು ಹೊಸತಲ್ಲ.

ಲೆಕ್ಕ ಹಾಕೋಣ. ಒಂದು ಇಂಚಿಗೆ 25.4 ಮಿ.ಮೀ. 2.75 ಇಂಚು ಸುಮಾರು 70 ಮಿ.ಮೀ., 18 ಇಂಚಿನ ರಿಮ್ 457 ಮಿ.ಮೀ. ಮೇಲೊಂದು ಕೆಳಗೊಂದು ಎತ್ತರ ಸೇರಿಸಿದರೆ ಹಳೆಯ ಗಾಲಿಯ ವ್ಯಾಸ 597, ಹೊಸತರದು 617. ಒಂದು ಸುತ್ತಿಗೆ ಸುಮಾರು 6 ಸೆಂ.ಮೀ. ಹೆಚ್ಚು ದಾರಿ. ಮುಂದಿನ ಗಾಲಿಯಿಂದ ಮೀಟರ್ ಓಡುವ ಗಾಡಿಯಲ್ಲಿ ಮುಳ್ಳು ನಿಜವಾದ ವೇಗಕ್ಕಿಂತ ನೂರಕ್ಕೆ ಮೂರರಷ್ಟು ಹಿಂದೆ ಬೀಳುತ್ತದೆ. ಇನ್ನು 90/90-18 ತೆಗೆದುಕೊಳ್ಳಿ: 90ರ ನೂರಕ್ಕೆ ತೊಂಬತ್ತು 81. ಎತ್ತರ ಹೆಚ್ಚುಕಡಿಮೆ 80/100ರಷ್ಟೇ, ಅಗಲ ಮಾತ್ರ 10 ಮಿ.ಮೀ. ಜಾಸ್ತಿ. ಚೈನ್ ಕವರಿಗೆ ತಾಗೀತೇ, ರಿಮ್ಮಿನ ಅಗಲಕ್ಕೆ ಒಪ್ಪೀತೇ ಎಂದು ನೋಡದೆ ಹಾಕಿಸಬಾರದು.

ಯಾರೂ ಕೇಳದ ಅಂಕಿಯೇ ನನಗೆ ಎಲ್ಲಕ್ಕಿಂತ ಮುಖ್ಯ. 42P ಎಂದಿದ್ದರೆ ಆ ಟಯರ್ ಹೊರುವುದು 150 ಕಿಲೋ, ಅಂದರೆ 75 ಕಿಲೋದ ಎರಡು ಚೀಲ ಭತ್ತ. 48 ಇದ್ದರೆ 180 ಕಿಲೋ. P ಅಕ್ಷರ ಗಂಟೆಗೆ 150 ಕಿ.ಮೀ. ವೇಗದ ಮಿತಿ. ಹಿಂದಿನ ಗಾಲಿಗೆ 48 ಇದ್ದ ಗಾಡಿಗೆ ಅಗ್ಗಕ್ಕೆ ಸಿಕ್ಕಿತೆಂದು 42 ಹಾಕಿಸಿ, ಹೆಂಡತಿ ಮಕ್ಕಳ ಜೊತೆ ಗೊಬ್ಬರದ ಚೀಲವನ್ನೂ ಹೇರಿದರೆ ಸೈಜು ಸರಿಯಿದ್ದರೂ ಟಯರ್ ತಾಳುವುದಿಲ್ಲ.

ಇಂಚಿನವರೂ ಮಿಲಿಮೀಟರಿನವರೂ ಒಂದೇ ಮನೆಯಲ್ಲಿರುವ ಕಾಲವಿದು. ಗುಣಾಕಾರ ಬಲ್ಲ ಮಗುವಿಗೂ ಇಷ್ಟು ಲೆಕ್ಕ ಬರುತ್ತದೆ. ಟಯರ್ ಮಾರುವವನಾಗಿಯೇ ಹೇಳುತ್ತೇನೆ: ಅಂಗಡಿಯವರ ಮಾತಿಗಿಂತ ಮೊದಲು ಹಳೆಯ ಟಯರಿನ ಪಕ್ಕೆ ಓದಿ, ಅಗಲ, ಎತ್ತರ, ರಿಮ್, ಭಾರ ನಾಲ್ಕನ್ನೂ ಬರೆದುಕೊಂಡು ಬನ್ನಿ. ಆಮೇಲೆ ದರ ಮಾತಾಡೋಣ.