ಮೈಗ್ರೇನ್ ಮತ್ತು ಅದರ ಸಹವ್ಯಾಧಿಗಳು: ಸೇಡಂ–ಚಿತ್ತಾಪುರ ಸೀಮೆಯಲ್ಲಿ ಔಷಧಿ ಆಯ್ಕೆಯ ವಿಚಾರ

ಮೂರು ತಿಂಗಳಿಗೂ ಮೀರಿ, ತಿಂಗಳಲ್ಲಿ 15 ದಿನವಾದರೂ ತಲೆನೋವಿದ್ದು, ಅದರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣಗಳಿದ್ದರೆ ಅದು ದೀರ್ಘಕಾಲಿಕ ಮೈಗ್ರೇನ್. ಈ ಹಂತ ಮುಟ್ಟಿದವರಲ್ಲಿ ತಲೆನೋವೊಂದೇ ಇರುವುದು ವಿರಳ. ಖಿನ್ನತೆ, ಆತಂಕ, ನಿದ್ರಾಹೀನತೆ, ಕುತ್ತಿಗೆ ನೋವು, ಕರುಳಿನ ತೊಂದರೆ ಜೊತೆಗಿರುತ್ತವೆ. ಮೂರ್ಛೆರೋಗ, ಆಸ್ತಮಾ ಕೂಡ ಇತರರಿಗಿಂತ ಇವರಲ್ಲಿ ಹೆಚ್ಚು. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 2,329 ವಯಸ್ಕರನ್ನು ಕುರಿತು 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಒಂದು ವರ್ಷದ ಅವಧಿಯ ಮೈಗ್ರೇನ್ ಪ್ರಮಾಣ ಶೇ 25.2ರಷ್ಟಿತ್ತು.

ಖಿನ್ನತೆಗೂ ಮೈಗ್ರೇನ್‌ಗೂ ಇರುವ ನಂಟು ಎರಡೂ ಕಡೆಯದು: ಒಂದಿದ್ದವರಿಗೆ ಇನ್ನೊಂದು ಬರುವ ಸಂಭವ ಹೆಚ್ಚು. ತಲೆನೋವೆಂದು ಬಂದವರ ನಿದ್ದೆ, ಮನಸ್ಸು ಹೇಗಿದೆಯೆಂದು ವೈದ್ಯರು ಕೇಳದಿದ್ದರೆ ಇದು ಹೊರಬೀಳುವುದೇ ಇಲ್ಲ. ರಾಜ್ಯದ ಮಾನಸಿಕ ಆರೋಗ್ಯ ಕಾರ್ಯಕ್ರಮವಾದ ಮನೋಚೈತನ್ಯದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ಚಿಂಚೋಳಿಯ ತಾಂಡಾಗಳವರಿಗೆ ಕಲಬುರಗಿಗಿಂತ ಅದೇ ಹತ್ತಿರ. ವಾಡಿ, ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳಲ್ಲಿ ಪಾಳಿ ಬದಲಾದಾಗಲೆಲ್ಲ ನಿದ್ದೆ ಕೆಡುತ್ತದೆ. ಕೆಟ್ಟ ನಿದ್ದೆ ಮೈಗ್ರೇನ್ ಕೆರಳಿಸುವ ಚಿರಪರಿಚಿತ ಕಾರಣ. ಹೆಂಗಸರಲ್ಲಿ ರಕ್ತಹೀನತೆಯನ್ನೂ ನೋಡಬೇಕು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ಅದಿತ್ತು.

ಸಹವ್ಯಾಧಿ ಗೊತ್ತಾದರೆ ಔಷಧಿಯ ಆಯ್ಕೆಯೇ ಬದಲಾಗುತ್ತದೆ. ಪ್ರೊಪ್ರನೊಲಾಲ್ ಮೈಗ್ರೇನ್ ತಡೆಯುತ್ತದೆ, ಆದರೆ ಆಸ್ತಮಾ ಇದ್ದವರಿಗೆ ಉಸಿರಾಟ ಬಿಗಿಯಾಗಿಸಬಲ್ಲದು. ನಿದ್ದೆ ಇಲ್ಲದವರಿಗೆ ಅಮಿಟ್ರಿಪ್ಟಿಲಿನ್ ಎರಡು ಕೆಲಸ ಮಾಡುತ್ತದೆ. ಮೂರ್ಛೆರೋಗವೂ ಇದ್ದರೆ ಟೊಪಿರಾಮೇಟ್ ಒಂದೇ ಸಾಕಾಗಬಹುದು. ಇಲ್ಲಿ ಮಾತ್ರ ಎಚ್ಚರ ಬೇಕು. ಅದು ಬೆವರು ಕಡಿಮೆ ಮಾಡುತ್ತದೆ, ಮೂತ್ರಪಿಂಡದಲ್ಲಿ ಕಲ್ಲಾಗಿಸಬಲ್ಲದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಶಹಾಬಾದ್‌ನ ಕಲ್ಲುಗಣಿಯಲ್ಲಿ ದಿನವಿಡೀ ಫರಸಿ ಸೀಳುವವನಿಗೆ, ತೊಗರಿ ಹೊಲದಲ್ಲಿ ಕಳೆ ತೆಗೆಯುವವಳಿಗೆ ಈ ಗುಳಿಗೆ ಬರೆಯುವಾಗ ಕುಡಿಯುವ ನೀರಿನ ಮಾತೂ ಚೀಟಿಯಲ್ಲಿರಬೇಕು. ವಾಲ್ಪ್ರೊಯೇಟ್ ಗರ್ಭಸ್ಥ ಶಿಶುವಿಗೆ ಹಾನಿಕರವಾದ್ದರಿಂದ ಹೆರುವ ವಯಸ್ಸಿನವರಿಗೆ ಮೈಗ್ರೇನ್‌ಗಾಗಿ ಕೊಡುವಂತಿಲ್ಲ.

ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಾಣಿಸಿ ಬರುವ ಮೈಗ್ರೇನ್‌ನಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡು ಪಟ್ಟು. ತಂಬಾಕು ಸೇದುವುದು, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆ ಅದನ್ನು ಇನ್ನೂ ಏರಿಸುತ್ತವೆ.

ಇನ್ನೊಂದು ತೊಡಕು ಚಿಕಿತ್ಸೆಯಿಂದಲೇ ಹುಟ್ಟುತ್ತದೆ. ಕಿರಾಣಿ ಅಂಗಡಿಯಲ್ಲೂ ಸಿಗುವ ಸಾದಾ ನೋವಿನ ಗುಳಿಗೆಯನ್ನು ತಿಂಗಳಿಗೆ 15 ದಿನ, ಮಿಶ್ರ ಗುಳಿಗೆ ಅಥವಾ ಟ್ರಿಪ್ಟಾನನ್ನು 10 ದಿನದಂತೆ ಮೂರು ತಿಂಗಳು ಮೀರಿ ನುಂಗಿದರೆ ಅದೇ ತಲೆನೋವಿಗೆ ಕಾರಣವಾಗುತ್ತದೆ. ರೋಗಿ ವಾರಕ್ಕೆಷ್ಟು ಗುಳಿಗೆ ನುಂಗುತ್ತಾರೆಂದು ಮೊದಲು ಕೇಳಿ, ಅದನ್ನು ನಿಲ್ಲಿಸುತ್ತ ತಡೆಗಟ್ಟುವ ಔಷಧಿ ಆರಂಭಿಸುವುದು ರೂಢಿಯಲ್ಲಿರುವ ಕ್ರಮ.